ಹಿಟ್ಟಿನ ಕೋಳಿ ಮತ್ತು ಮನುಷ್ಯಕುಲದ ಅರ್ಹತೆ: ‘ಯಶೋಧರ ಚರಿತೆ’ಯ ಒಂದು ಮರು ಓದು

ಮನುಷ್ಯಕುಲವು ಈ ಭೂಮಿಯ ಮೇಲೆ ಇನ್ನೂ ಇರಲು ಅರ್ಹವೇ ಎಂಬ ಪ್ರಶ್ನೆ ಈಗ ತತ್ತ್ವಶಾಸ್ತ್ರದ ವಿದ್ವಾಂಸರ ಸೊತ್ತಾಗಿ ಉಳಿದಿಲ್ಲ. ಕಾಡು ಉರಿದಾಗ, ನಗರಕ್ಕೆ ನೆರೆ ನುಗ್ಗಿದಾಗ, ಯುದ್ಧದ ಸುದ್ದಿ ಬಂದಾಗ, ಮನುಷ್ಯನಿಲ್ಲದಿದ್ದರೆ ಭೂಮಿ ಚೆನ್ನಾಗಿರುತ್ತಿತ್ತು ಎಂಬ ಮಾತನ್ನು ವಿದ್ಯಾವಂತರು ನಿಟ್ಟುಸಿರಿನಷ್ಟೇ ಸಹಜವಾಗಿ ಆಡುತ್ತಾರೆ. ಈ ಮಾತಿನ ಹಿಂದೆ ಗಂಭೀರವಾದ ವಾದಗಳೂ ಇವೆ. ಅಮೆರಿಕದ ಲೆಸ್ ನೈಟ್ ಅವರು ೧೯೯೧ರಲ್ಲಿ ರೂಪ ಕೊಟ್ಟ ಒಂದು ಆಂದೋಲನವು, ಮನುಷ್ಯರು ಸ್ವಇಚ್ಛೆಯಿಂದ ಸಂತಾನವನ್ನು ನಿಲ್ಲಿಸಿ ಸದ್ದಿಲ್ಲದೆ ಅಳಿದುಹೋಗಬೇಕೆಂದು ಕೇಳುತ್ತದೆ. ದಕ್ಷಿಣ ಆಫ್ರಿಕದ ತತ್ತ್ವಜ್ಞ ಡೇವಿಡ್ ಬೆನಟಾರ್ ೨೦೦೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹುಟ್ಟುವುದೇ ಹುಟ್ಟಿದವನಿಗೆ ಆಗುವ ಹಾನಿ ಎಂದು ತರ್ಕಬದ್ಧವಾಗಿ ವಾದಿಸಿದ್ದಾರೆ. ಈ ಪ್ರಶ್ನೆಯನ್ನು ಕ್ರಿ.ಶ. ೧೨೦೯ರ ಒಂದು ಕನ್ನಡ ಕಾವ್ಯದ ಮುಂದಿಟ್ಟರೆ ಅದು ಯಾವ ರೂಪ ತಾಳುತ್ತದೆ ಎಂದು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಜನ್ನನ ‘ಯಶೋಧರ ಚರಿತೆ’ ಈ ಪ್ರಶ್ನೆಯನ್ನು ಇದೇ ಆಕಾರದಲ್ಲಿ ಒಪ್ಪಿಕೊಳ್ಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಏಕೆ ಒಪ್ಪಿಕೊಳ್ಳುವುದಿಲ್ಲ ಎಂಬುದೇ ಇಲ್ಲಿನ ವಿಚಾರ.

ಮೊದಲು ಆರೋಪದ ತೂಕವನ್ನು ಗ್ರಹಿಸಬೇಕು. ಹಳೆಯ ಕಾವ್ಯಗಳನ್ನು ಓದುವವರು ಇಂದಿನ ಅಂಕಿಅಂಶಗಳಿಗೆ ಬೆನ್ನು ತಿರುಗಿಸಿ ಕೂರುತ್ತಾರೆಂಬ ದೂರು ಪೂರ್ತಿ ಸುಳ್ಳಲ್ಲ. ೨೦೧೮ರಲ್ಲಿ ಪ್ರಕಟವಾದ ಜೀವರಾಶಿಯ ಒಂದು ಲೆಕ್ಕಾಚಾರದ ಪ್ರಕಾರ ಭೂಮಿಯ ಎಲ್ಲ ಸ್ತನಿಗಳ ತೂಕದಲ್ಲಿ ಸುಮಾರು ಶೇಕಡಾ ೬೦ ಮನುಷ್ಯ ಸಾಕಿದ ಜಾನುವಾರುಗಳದ್ದು, ಶೇಕಡಾ ೩೬ ಮನುಷ್ಯರದ್ದು. ಕಾಡು ಕಡಲುಗಳಲ್ಲಿ ಸ್ವತಂತ್ರವಾಗಿ ಬದುಕಿರುವ ಪ್ರಾಣಿಗಳ ಪಾಲು ಶೇಕಡಾ ೪ ಮಾತ್ರ. ಹಕ್ಕಿಗಳ ಲೆಕ್ಕದಲ್ಲಿ ಶೇಕಡಾ ೭೦ರಷ್ಟು ಸಾಕಿದ ಕೋಳಿಯಂಥ ಪಕ್ಷಿಗಳೇ. ಆದರೆ ಸಮಸ್ತ ಜೀವರಾಶಿಯಲ್ಲಿ ಮನುಷ್ಯನ ಪಾಲು ಶೇಕಡಾ ೦.೦೧ರಷ್ಟು. ಜೀವವೈವಿಧ್ಯವನ್ನು ಕುರಿತ ಅಂತರಸರಕಾರಿ ವೇದಿಕೆಯ ೨೦೧೯ರ ವರದಿಯು ಸುಮಾರು ೧೦ ಲಕ್ಷ ಪ್ರಭೇದಗಳು ಅಳಿವಿನ ಅಂಚಿನತ್ತ ಸಾಗಿವೆ ಎಂದು ಅಂದಾಜು ಮಾಡಿತು. ಇಷ್ಟು ಚಿಕ್ಕ ಪಾಲಿನವನು ಇಷ್ಟು ದೊಡ್ಡ ಹಾನಿ ಮಾಡಿರುವಾಗ ಅವನ ಇರವಿನ ಹಕ್ಕನ್ನೇ ಪ್ರಶ್ನಿಸುವುದು ವಿಕೃತಿಯೆನಿಸದು.

ಇಂಥ ಪ್ರಶ್ನೆಯೊಡನೆ ನಮ್ಮ ಪ್ರಾಚೀನ ಕಾವ್ಯಗಳ ಬಳಿ ಹೋಗುವವರು ಸಾಮಾನ್ಯವಾಗಿ ಖಾಂಡವದಹನವನ್ನು ಎತ್ತಿಕೊಳ್ಳುತ್ತಾರೆ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದ ಇರಾವತಿ ಕರ್ವೆಯವರು ೧೯೬೭ರ ‘ಯುಗಾಂತ’ದಲ್ಲಿ ಆ ಪ್ರಸಂಗದ ಕ್ರೌರ್ಯವನ್ನು ನಿಷ್ಠುರವಾಗಿ ಎತ್ತಿತೋರಿಸಿದ ಮೇಲೆ ಅದು ಬಹುಚರ್ಚಿತವಾಗಿದೆ. ಖಾಂಡವದಲ್ಲಿ ಉರಿಯುವವರು ಒಂದು ಕಡೆ, ಉರಿಸುವವರು ಇನ್ನೊಂದು ಕಡೆ. ಓದುಗನು ದಂಡೆಯ ಮೇಲೆ ನಿಂತು ತೀರ್ಪು ಕೊಡಬಹುದು. ಜನ್ನನ ಕಾವ್ಯದಲ್ಲಿ ಅಂಥ ದಂಡೆಯೇ ಇಲ್ಲದಿರುವುದರಿಂದ ನಮ್ಮ ಪ್ರಶ್ನೆಗೆ ಅದೇ ಹೆಚ್ಚು ಪ್ರಸ್ತುತವಾದುದು.

‘ಯಶೋಧರ ಚರಿತೆ’ ನಾಲ್ಕು ಅವತಾರಗಳ, ಬಹುಮಟ್ಟಿಗೆ ಕಂದಪದ್ಯಗಳಲ್ಲಿ ರಚಿತವಾದ ಚಿಕ್ಕ ಕಾವ್ಯ. ಕಥೆಗೆ ಮೂಲ ವಾದಿರಾಜನ ಸಂಸ್ಕೃತ ಕೃತಿ, ಅದಕ್ಕೂ ಹಿಂದೆ ಸೋಮದೇವಸೂರಿಯ ‘ಯಶಸ್ತಿಲಕ’ (ಕ್ರಿ.ಶ. ೯೫೯) ಇದೆ. ಕನ್ನಡದ ಆಧುನಿಕ ವಿಮರ್ಶೆ ಈ ಕಾವ್ಯದಲ್ಲಿ ಅಮೃತಮತಿಯನ್ನು ಕಂಡಷ್ಟು ಬೇರೇನನ್ನೂ ಕಂಡಿಲ್ಲ. ರಾಣಿಯೊಬ್ಬಳು ಕುರೂಪಿಯಾದ ಮಾವಟಿಗ ಅಷ್ಟಾವಂಕನ ಹಾಡಿಗೆ ಮನಸೋತ ಪ್ರಸಂಗವನ್ನು ನವ್ಯ ವಿಮರ್ಶಕರು ಮನೋವಿಶ್ಲೇಷಣೆಗೆ ಒಳಪಡಿಸಿದರು. ಪಠ್ಯಪುಸ್ತಕಗಳು ಅದನ್ನೇ ಆಯ್ದುಕೊಂಡವು. ಅನಂತರದ ಜನ್ಮಪರಂಪರೆಯನ್ನು ಮತತತ್ತ್ವದ ಅನಿವಾರ್ಯ ಕಂದಾಯವೆಂದು ಬಗೆದು ಬದಿಗಿಡಲಾಯಿತು. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ (೧೯೮೦) ಕಥೆಯನ್ನು ಒಂದೇ ರಾತ್ರಿಗೆ, ಒಂದು ಗುಡಿಯ ಆವರಣಕ್ಕೆ ಸಂಕೋಚಿಸಿ ಜನ್ಮಾಂತರಗಳನ್ನು ಪೂರ್ತಿಯಾಗಿ ಕೈಬಿಟ್ಟಿತು. ನಾಟಕದ ಶಿಲ್ಪಕ್ಕೆ ಅದು ಅಗತ್ಯವಾಗಿದ್ದಿರಬಹುದು. ಹಿಂಸೆಯ ಸಂಕಲ್ಪವೇ ಹಿಂಸೆಯಲ್ಲವೇ ಎಂಬ ಪ್ರಶ್ನೆಯನ್ನು ಕಾರ್ನಾಡರು ತೀಕ್ಷ್ಣವಾಗಿಯೇ ಕೇಳುತ್ತಾರೆ. ಆದರೆ ಮನುಷ್ಯನಿಗೂ ಪ್ರಾಣಿಗೂ ನಡುವಿನ ಗೋಡೆಯನ್ನು ಜನ್ನನು ಒಡೆದದ್ದು ಆ ಜನ್ಮಾಂತರಗಳಲ್ಲಿ. ಅವನ್ನು ಕಳೆದರೆ ಉಳಿಯುವುದು ಒಂದು ಸಂಸಾರದ ದುರಂತ.

ಕಥೆಯ ಚೌಕಟ್ಟು ಪರಿಚಿತವಾದುದೇ. ರಾಜ ಮಾರಿದತ್ತನು ಚಂಡಮಾರಿಗೆ ಜೀವಿಗಳನ್ನು ಬಲಿಕೊಡಲು ಸಿದ್ಧನಾಗಿದ್ದಾನೆ. ನರಬಲಿಗೆಂದು ಅಭಯರುಚಿ, ಅಭಯಮತಿ ಎಂಬ ಎಳೆಯ ಜೈನವ್ರತಿಗಳನ್ನು ಹಿಡಿದುತರಲಾಗಿದೆ. ಅವರು ಅಂಜುವುದಿಲ್ಲ. ಅಂಜದಿರುವುದಕ್ಕೆ ಕಾರಣವನ್ನು ಅಭಯರುಚಿ ವಿವರಿಸುತ್ತ ತನ್ನ ಹಿಂದಿನ ಜನ್ಮಗಳನ್ನು ಹೇಳುತ್ತಾನೆ. ಯಶೋಧರನಾಗಿದ್ದಾಗ ಹೆಂಡತಿಯ ವ್ಯಭಿಚಾರವನ್ನು ಕಂಡು, ಅದನ್ನು ಕೆಟ್ಟ ಕನಸೆಂದು ನೆವಮಾಡಿ ತಾಯಿ ಚಂದ್ರಮತಿಗೆ ತಿಳಿಸಿದನು. ತಾಯಿ ಶಾಂತಿಗಾಗಿ ಪ್ರಾಣಿಬಲಿಯನ್ನು ಸೂಚಿಸಿದಳು, ಮಗನು ಒಪ್ಪಲಿಲ್ಲ. ಕೊನೆಗೆ ಇಬ್ಬರೂ ಒಂದು ರಾಜಿಗೆ ಬಂದರು: ಹಿಟ್ಟಿನಿಂದ ಕೋಳಿಯನ್ನು ಮಾಡಿ ಕಡಿಯುವುದು. ಕತ್ತಿ ಬೀಳುವಾಗ ಹಿಟ್ಟಿನ ಕೋಳಿ ಕೂಗಿತು, ಅದರೊಳಗೆ ಒಂದು ಬೆಂತರ ಹೊಕ್ಕಿತ್ತು. ಅಮೃತಮತಿ ವಿಷವಿಕ್ಕಿ ಗಂಡನನ್ನೂ ಅತ್ತೆಯನ್ನೂ ಕೊಂದಳು. ಆ ತಾಯಿ ಮಗ ನವಿಲು ನಾಯಿಗಳಾಗಿ, ಮೀನು ಮೊಸಳೆಗಳಾಗಿ, ಆಡಾಗಿ ಕೋಣವಾಗಿ, ಕೊನೆಗೆ ಕೋಳಿಗಳಾಗಿ ಹುಟ್ಟಿ ಹುಟ್ಟಿ ಕೊಲೆಯಾದರು.

ಈ ಜನ್ಮಗಳಲ್ಲಿ ನಡೆಯುವುದನ್ನು ನಿಧಾನವಾಗಿ ನೋಡಬೇಕು. ನವಿಲಾದ ಯಶೋಧರನು ತನ್ನದೇ ಅರಮನೆಗೆ ಬರುತ್ತಾನೆ. ನಾಯಿಯಾದ ತಾಯಿಯೂ ಅಲ್ಲಿಗೇ ಬರುತ್ತಾಳೆ. ತಾಯಿಯ ಜೀವ ಮಗನ ಜೀವದ ಕೊರಳನ್ನು ಕಚ್ಚಿ ಕೊಲ್ಲುತ್ತದೆ. ಈಗ ರಾಜನಾಗಿರುವ ಮಗ ಯಶೋಮತಿ ಆ ನಾಯಿಯನ್ನು ಹೊಡೆದು ಕೊಲ್ಲುತ್ತಾನೆ, ಅಂದರೆ ಅರಿಯದೆ ಅಜ್ಜಿಯನ್ನು ಕೊಲ್ಲುತ್ತಾನೆ. ಮೀನಾದ ಯಶೋಧರನನ್ನು ಹಿಡಿದು ಯಶೋಧರನದೇ ಶ್ರಾದ್ಧದ ಅಡಿಗೆಗೆ ಬಳಸುತ್ತಾರೆ. ಯಾರ ಸದ್ಗತಿಗಾಗಿ ಊಟವೋ ಅವನೇ ಎಲೆಯ ಮೇಲಿದ್ದಾನೆ. ಇದರಲ್ಲಿ ಕರುಣೆಗಿಂತ ಹೆಚ್ಚಾಗಿ ಒಂದು ಕಟುವಾದ ವಿನೋದವಿದೆ. ಜನ್ನನ ವ್ಯಂಗ್ಯವನ್ನು ಮೆಚ್ಚುವವರು ಈ ಭಾಗವನ್ನು ಹೇಗೆ ನೀರಸವೆಂದರೋ ನನಗೆ ತಿಳಿಯದು. ಇಲ್ಲಿ ಪ್ರಾಣಿಗಳು ನಿರಪರಾಧಿಗಳಾದ ಮೂಕಸಾಕ್ಷಿಗಳಲ್ಲ, ಅವೂ ಕೊಲ್ಲುತ್ತವೆ. ಮನುಷ್ಯರೂ ಪ್ರಾಣಿಗಳೂ ಎಂಬ ಎರಡು ಪಕ್ಷಗಳೇ ಇಲ್ಲದ ಮೇಲೆ, ಒಂದು ಪಕ್ಷದ ಪರವಾಗಿ ಇನ್ನೊಂದರ ಮೇಲೆ ಮೊಕದ್ದಮೆ ಹೂಡುವವರು ಎಲ್ಲಿ ನಿಲ್ಲಬೇಕು? ನ್ಯಾಯಾಧೀಶನ ಪೀಠದಲ್ಲಿ ಕುಳಿತ ಹುಲಿಯೋ ತಿಮಿಂಗಿಲವೋ ನಿನ್ನೆಯ ಮನುಷ್ಯನಾಗಿರಬಹುದು. ಪುನರ್ಜನ್ಮವನ್ನು ನಂಬದ ಓದುಗನಿಗೂ ಈ ಕಥನಕ್ರಮದ ಅರ್ಥ ಆಗುತ್ತದೆ: ಮನುಷ್ಯಕುಲವನ್ನು ಹೊರಗಿನಿಂದ ತೂಗುವ ತಕ್ಕಡಿ ಇಲ್ಲ, ಇದೆಯೆಂದು ಹೇಳುವವನೂ ಮನುಷ್ಯನೇ.

ಇಲ್ಲಿ ‘ಅರ್ಹತೆ’ ಎಂಬ ಮಾತಿನ ಕಡೆ ಸ್ವಲ್ಪ ಗಮನ ಕೊಡುವುದು ಉಚಿತ. ‘ಅರ್ಹ್’ ಎಂಬ ಧಾತುವಿನಿಂದಲೇ ‘ಅರ್ಹತ್’, ‘ಅರ್ಹಂತ’ ಎಂಬ ಜೈನಪದಗಳು ಬಂದಿವೆ. ಪೂಜೆಗೆ ಯೋಗ್ಯನಾದವನು ಎಂದರ್ಥ. (ಅರಿಗಳನ್ನು ಹನನ ಮಾಡಿದವನೆಂದು ‘ಅರಿಹಂತ’ ಎಂಬ ಇನ್ನೊಂದು ನಿಷ್ಪತ್ತಿಯನ್ನೂ ಸಂಪ್ರದಾಯ ಹೇಳುತ್ತದೆ. ಅಹಿಂಸೆಯ ಧರ್ಮದ ಅತ್ಯುನ್ನತ ಪದದೊಳಗೆ ಕೊಲ್ಲುವ ಕ್ರಿಯೆ ಹೀಗೆ ಅಡಗಿ ಕುಳಿತಿರುವುದು ಸ್ವಾರಸ್ಯಕರ. ಅಲ್ಲಿನ ಶತ್ರುಗಳು ಕರ್ಮಗಳು.) ಈ ಪರಿಭಾಷೆಯಲ್ಲಿ ಅರ್ಹತೆ ಒಬ್ಬನು ತನ್ನ ನಡೆಯಿಂದ ಪಡೆಯುವ ವಸ್ತು. ಒಂದು ಜಾತಿಗೆ, ಒಂದು ಕುಲಕ್ಕೆ ಅದು ಸಾಮೂಹಿಕವಾಗಿ ದಕ್ಕುವುದಿಲ್ಲ, ಸಾಮೂಹಿಕವಾಗಿ ತಪ್ಪುವುದೂ ಇಲ್ಲ. ಜೈನಾಗಮಗಳು ಮನುಷ್ಯಜನ್ಮವನ್ನು ದುರ್ಲಭವೆಂದು ಕೊಂಡಾಡುತ್ತವೆ, ನಿಜ. ಮನುಷ್ಯನು ಶ್ರೇಷ್ಠನಾದ್ದರಿಂದ ಬದುಕಬೇಕು ಎಂಬ ಅರ್ಥ ಅದಕ್ಕಿಲ್ಲ. ಸಕಲ ಹಿಂಸೆಯನ್ನೂ ಬಿಟ್ಟು ಮಹಾವ್ರತಿಯಾಗಲು ಸಾಧ್ಯವಿರುವ ನೆಲೆ ಅದೊಂದೇ ಎಂಬುದಷ್ಟೇ ಅದರ ಹಿರಿಮೆ. ಪ್ರಾಣಿಗಳಿಗೂ ಅಣುವ್ರತದ ಬಾಗಿಲು ಮುಚ್ಚಿಲ್ಲ. ಜನ್ನನ ಕೋಳಿಗಳೇ ಮುನಿಯ ಮಾತು ಕೇಳಿ ವ್ರತ ಹಿಡಿಯುತ್ತವೆ. ಆ ಸಂತೋಷಕ್ಕೆ ಅವು ಕೂಗುತ್ತವೆ. ಯಶೋಮತಿ ತನ್ನ ಶಬ್ದವೇಧಿ ವಿದ್ಯೆಯನ್ನು ರಾಣಿಗೆ ತೋರಿಸಲು ಕೂಗು ಬಂದ ಕಡೆಗೆ ಬಾಣ ಬಿಡುತ್ತಾನೆ. ಕಾವ್ಯದಲ್ಲಿ ಕೋಳಿಯ ಕೂಗು ಮುಖ್ಯವಾಗುವುದು ಎರಡು ಕಡೆ: ಜೀವವಿಲ್ಲದ ಹಿಟ್ಟಿನದು ಮೊದಲು, ಜೀವವಿದ್ದೂ ಸಾಯುವ ವ್ರತಿಗಳದ್ದು ಆಮೇಲೆ. ಎರಡಕ್ಕೂ ಕಾರಣ ಒಬ್ಬ ಅರಸನ ಕೈ. ಈ ಸಾದೃಶ್ಯ ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

‘ಜಾತಿ’ ಎಂಬ ಮಾತನ್ನು ಬಳಸಿದ ಮೇಲೆ ಪಂಪನನ್ನು ನೆನೆಯದೆ ಮುಂದುವರಿಯುವಂತಿಲ್ಲ. ‘ಆದಿಪುರಾಣ’ದಲ್ಲಿ (ಕ್ರಿ.ಶ. ೯೪೧) ಮನುಷ್ಯರ ಜಾತಿ ಒಂದೇ ಎಂದು ಅವನು ಸಾರಿದ ಮಾತು ನಮ್ಮ ವೇದಿಕೆಗಳಲ್ಲಿ ಸವೆಯುವಷ್ಟು ಬಳಕೆಯಾಗಿದೆ. ಮಾನದಲ್ಲಿ ಒಂದಾದವರು ಅಪರಾಧದಲ್ಲಿಯೂ ಒಂದೇ ಎಂದು ಮುಂದುವರಿಸಲು ಬರುತ್ತದೆಯೇ? ಬರುವುದಿಲ್ಲ. ಹವೆಯನ್ನು ಬಿಸಿಮಾಡುವ ಅನಿಲಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟಕ್ಕೆ ಜಗತ್ತಿನ ಅತ್ಯಂತ ಸಿರಿವಂತ ಶೇಕಡಾ ೧೦ ಜನರು ಕಾರಣರೆಂಬ ಅಂದಾಜುಗಳಿವೆ. ಬಿಳಿಗಿರಿರಂಗನ ಬೆಟ್ಟದಲ್ಲಿ ದೊಡ್ಡ ಸಂಪಿಗೆಯನ್ನು ದೈವವೆಂದು ನಂಬಿ ಬಾಳುತ್ತಿರುವ ಸೋಲಿಗರಿಗೆ ೨೦೧೧ರಲ್ಲಿ ಆ ಕಾಡಿನ ಮೇಲೆ ಸಾಮುದಾಯಿಕ ಹಕ್ಕು ದೊರೆಯಿತು; ಅದಕ್ಕೆ ಮೊದಲು ಕಾಡನ್ನು ಉಳಿಸುವ ಹೆಸರಿನಲ್ಲಿ ಅವರನ್ನು ಕಾಡಿನ ಒಳಗಿಂದ ಎಬ್ಬಿಸಲಾಗಿತ್ತು. ‘ಮನುಷ್ಯಕುಲ ಅಪರಾಧಿ’ ಎಂಬ ತೀರ್ಪು ಇಂಥ ವ್ಯತ್ಯಾಸಗಳನ್ನೆಲ್ಲ ಅಳಿಸಿಹಾಕುತ್ತದೆ. ಒಂದು ಜಾತಿಯನ್ನು ಇಡಿಯಾಗಿ ಹಿಡಿದು ದೋಷ ಹೊರಿಸುವ ಅಭ್ಯಾಸ ನಮ್ಮ ಸಮಾಜಕ್ಕೆ ಚೆನ್ನಾಗಿ ಗೊತ್ತು. ಅದರ ಫಲವೂ ಗೊತ್ತು.

ಪಂಪನಲ್ಲೇ ಇನ್ನೊಂದು ಪ್ರಸಂಗವಿದೆ. ದಿಗ್ವಿಜಯ ಮುಗಿಸಿದ ಭರತನು ತನ್ನ ಹೆಸರನ್ನು ಕೆತ್ತಿಸಲು ವೃಷಭಾಚಲಕ್ಕೆ ಹೋದಾಗ ಬಂಡೆಯ ತುಂಬ ಹಿಂದಿನ ಚಕ್ರವರ್ತಿಗಳ ಹೆಸರುಗಳೇ ತುಂಬಿರುತ್ತವೆ. ಗರ್ವ ಮುರಿಯುತ್ತದೆ; ಆದರೂ ಒಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಸುತ್ತಾನೆ. ಭೂವಿಜ್ಞಾನದಲ್ಲಿ ಮನುಷ್ಯನ ಹೆಸರಿನದೇ ಒಂದು ಯುಗವನ್ನು ಘೋಷಿಸಬೇಕೆಂಬ ಪ್ರಸ್ತಾವವು ೨೦೨೪ರಲ್ಲಿ ತಿರಸ್ಕೃತವಾದಾಗ ನನಗೆ ಈ ಬಂಡೆ ನೆನಪಾಯಿತು. ವಿಜ್ಞಾನಿಗಳ ಕಾರಣಗಳು ಬೇರೆ. ಅವನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ನಮ್ಮ ಕುಲದ ಪಾಪವೇ ಜಗತ್ತಿನ ಅತಿ ದೊಡ್ಡ ಘಟನೆ ಎನ್ನುವ ಧಾಟಿಯಲ್ಲಿ ಭರತನ ಗರ್ವದ ಒಂದು ಎಳೆ ಇದೆ. ಅಪರಾಧಿಯಾಗಿಯಾದರೂ ಸರಿ, ಬಂಡೆಯ ಮೇಲೆ ಹೆಸರಿರಬೇಕು.

ಈ ವಾದಕ್ಕೆ ಜೈನದರ್ಶನದೊಳಗಿನಿಂದಲೇ ಒಂದು ಬಲವಾದ ಆಕ್ಷೇಪವನ್ನು ಎತ್ತಬಹುದು. ಜೈನಧರ್ಮದ ಪರಮಗುರಿ ಮತ್ತೆ ಹುಟ್ಟದಿರುವುದೇ ಅಲ್ಲವೆ? ಬ್ರಹ್ಮಚರ್ಯವನ್ನು ಮಹಾವ್ರತವೆಂದು ಎತ್ತಿಹಿಡಿದ ಧರ್ಮಕ್ಕೂ, ಸಂತಾನವನ್ನು ನಿಲ್ಲಿಸಿರೆಂಬ ಆಂದೋಲನಕ್ಕೂ, ಹುಟ್ಟೇ ಹಾನಿಯೆಂಬ ಬೆನಟಾರರ ಮಾತಿಗೂ ಇರುವ ಅಂತರವೇನು? ತರಗತಿಯಲ್ಲಿ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ಅದಕ್ಕೆ ಹಾರಿಕೆಯ ಉತ್ತರ ಸಲ್ಲದು. ಸಂಸಾರ ದುಃಖಮಯವೆಂಬಲ್ಲಿ ಇವರೆಲ್ಲ ಒಂದೇ ಕಡೆ ಇದ್ದಾರೆ. ಅಂತರ ಬೀಳುವುದು ವ್ಯಾಕರಣದಲ್ಲಿ. ಮುಕ್ತಿ ಉತ್ತಮಪುರುಷ ಏಕವಚನದ ಕ್ರಿಯೆ; ಅದನ್ನು ಇನ್ನೊಬ್ಬರ ಪರವಾಗಿ ಸಂಕಲ್ಪಿಸಲು ಬರುವುದಿಲ್ಲ. ಜೀವಗಳು ಅನಂತವಾದ್ದರಿಂದ ಸಂಸಾರ ಬರಿದಾಗುವುದೂ ಇಲ್ಲ. ಕಾಲಚಕ್ರದ ಕಲ್ಪನೆಯಲ್ಲಿಯೂ ಇದೇ ನಿಲುವು ಕಾಣುತ್ತದೆ. ಅವಸರ್ಪಿಣಿಯ ಐದನೆಯ ಕಾಲವಾದ ದುಷ್ಷಮ ೨೧,೦೦೦ ವರ್ಷ, ಆರನೆಯ ಅತಿದುಷ್ಷಮ ಮತ್ತೆ ೨೧,೦೦೦ ವರ್ಷ. ಮನುಷ್ಯರು ಕುಬ್ಜರಾಗಿ, ಅಲ್ಪಾಯುಗಳಾಗಿ, ಧರ್ಮವೆಂಬುದರ ಹೆಸರನ್ನೂ ಮರೆಯುತ್ತಾರೆ. ಪ್ರಳಯದಂಥ ಉತ್ಪಾತಗಳು ಸಂಭವಿಸುತ್ತವೆ. ಅರ್ಹತೆಯನ್ನು ಅಳೆಯುವುದಾದರೆ ಕುಲವನ್ನು ಮುಗಿಸಲು ಇದಕ್ಕಿಂತ ತಕ್ಕ ಸಮಯವಿಲ್ಲ. ಆದರೂ ಕೆಲವು ಯುಗಳಗಳು ಗುಹೆಗಳಲ್ಲಿ ಉಳಿಯುತ್ತವೆ, ಉತ್ಸರ್ಪಿಣಿ ಅವರಿಂದಲೇ ಮೊದಲಾಗುತ್ತದೆ. ಉಳಿದವರು ಯೋಗ್ಯರಾಗಿದ್ದರೆಂದು ಪುರಾಣಕಾರರು ಹೇಳುವುದಿಲ್ಲ. ಉಳಿದರು, ಅಷ್ಟೆ.

ಈಗ ಹಿಟ್ಟಿನ ಕೋಳಿಗೆ ಮರಳಬಹುದು. ಯಶೋಧರನು ಕ್ರೂರಿಯಲ್ಲ. ಜೀವಂತ ಪ್ರಾಣಿಯನ್ನು ಕೊಲ್ಲಲಾರೆನೆಂದು ಹಟಹಿಡಿದ ದಯಾಳು. ತಾಯಿಯ ಮಾತಿಗೂ ತನ್ನ ದಯೆಗೂ ನಡುವೆ ಒಂದು ದಾರಿ ಹುಡುಕಿದವನು. ಆ ದಾರಿಯಲ್ಲಿ ರಕ್ತವಿರಲಿಲ್ಲ, ಸಂಕಲ್ಪ ಮಾತ್ರ ಪೂರ್ಣವಾಗಿತ್ತು. ಮನುಷ್ಯಕುಲವೇ ಇಲ್ಲದ ಭೂಮಿಯನ್ನು ಬಯಸುವ ಇಂದಿನ ಚಿಂತಕರೂ ಇಂಥ ದಯಾಳುಗಳೇ. ಯಾರನ್ನೂ ಕೊಲ್ಲಬೇಕೆಂದು ಅವರು ಹೇಳುತ್ತಿಲ್ಲ. ಬೆನಟಾರರಂತೂ ಹುಟ್ಟಿದವರು ಸಾಯಬೇಕೆಂಬುದನ್ನೂ ಹುಟ್ಟದವರು ಹುಟ್ಟದಿರಬೇಕೆಂಬುದನ್ನೂ ಸ್ಪಷ್ಟವಾಗಿ ಬೇರ್ಪಡಿಸುತ್ತಾರೆ. ಆ ವಾದದ ಶುದ್ಧಿಯನ್ನು ನಾನು ಗೌರವಿಸುತ್ತೇನೆ. ಆದರೆ ಆ ಮಾತು ತತ್ತ್ವಗ್ರಂಥದಿಂದ ಇಳಿದು ದಿನಬಳಕೆಯ ನಿಟ್ಟುಸಿರಾದಾಗ ಅದು ಹಿಟ್ಟಿನಲ್ಲಿ ಒಂದು ಕುಲವನ್ನು ಮಾಡಿ ಕಡಿಯುವ ಕ್ರಿಯೆಯಾಗುತ್ತದೆ. ಅದರಿಂದ ಯಾವ ಕಾಡೂ ಉಳಿಯುವುದಿಲ್ಲ, ಯಾವ ಹಕ್ಕಿಯೂ ಬದುಕುವುದಿಲ್ಲ. ಕಡಿದವನಿಗೆ ಮಾತ್ರ ಶಾಂತಿ ಮುಗಿಸಿದ ಸಮಾಧಾನ ದೊರೆಯುತ್ತದೆ. ಹಿಟ್ಟು ಕೂಗುತ್ತದೆಂಬುದನ್ನು ಅವನು ನಿರೀಕ್ಷಿಸಿರುವುದಿಲ್ಲ.

ಇಷ್ಟಾದರೂ ಜನ್ನನ ಕಾವ್ಯದಿಂದ ನಮ್ಮ ಕಾಲದ ಹಿಂಸೆಯನ್ನು ಪೂರ್ತಿಯಾಗಿ ಅಳೆಯಬಹುದೆಂದು ನಾನು ಹೇಳಲಾರೆ. ಅವನದು ಸಂಕಲ್ಪವಿದ್ದು ಸಾವಿಲ್ಲದ ಹಿಂಸೆಯ ಕಾವ್ಯ. ನಮ್ಮ ಸುತ್ತಣ ದೊಡ್ಡ ಹಾನಿಗಳು ಬಹುಪಾಲು ಸಾವಿದ್ದು ಸಂಕಲ್ಪವಿಲ್ಲದವು. ರಣಹದ್ದುಗಳ ಉದಾಹರಣೆಯನ್ನೇ ನೋಡಬಹುದು. ೧೯೯೦ರ ದಶಕದಿಂದ ಭಾರತದಲ್ಲಿ ರಣಹದ್ದುಗಳು ಕಣ್ಮರೆಯಾಗತೊಡಗಿದವು. ಬಿಳಿಬೆನ್ನಿನ ರಣಹದ್ದಿನ ಸಂಖ್ಯೆ ಹದಿನೈದು ವರ್ಷಗಳಲ್ಲಿ ಶೇಕಡಾ ೯೯ಕ್ಕಿಂತ ಹೆಚ್ಚು ಕುಸಿಯಿತು. ಕಾರಣ ೨೦೦೪ರಲ್ಲಿ ಹೊರಬಿತ್ತು: ನೋವಿನಿಂದ ನರಳುವ ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್. ಆ ದನ ಸತ್ತಾಗ ಅದರ ಹೆಣವನ್ನು ತಿಂದ ಹದ್ದುಗಳ ಮೂತ್ರಪಿಂಡಗಳು ನಾಶವಾದವು. ಹದ್ದನ್ನು ಕೊಲ್ಲಬೇಕೆಂದು ಯಾರೂ ಬಯಸಲಿಲ್ಲ. ದನದ ನೋವು ತಗ್ಗಲಿ ಎಂಬ ದಯೆಯೇ ಅಲ್ಲಿದ್ದುದು. ಮುಂಬಯಿಯ ಮಲಬಾರ್ ಹಿಲ್‌ನಲ್ಲಿ ಶವಗಳನ್ನು ಹದ್ದುಗಳಿಗೆ ಒಪ್ಪಿಸುತ್ತಿದ್ದ ಪಾರಸಿ ಸಮುದಾಯ ಸೂರ್ಯನ ಶಾಖವನ್ನು ಕೇಂದ್ರೀಕರಿಸುವ ಕನ್ನಡಿಗಳ ಮೊರೆಹೋಗಬೇಕಾಯಿತು.

ಸಂಕಲ್ಪವೊಂದನ್ನೇ ಮಾನದಂಡವಾಗಿ ಹಿಡಿದರೆ ಇಲ್ಲಿ ಯಾರೂ ತಪ್ಪಿತಸ್ಥರಲ್ಲ. ಕಾವ್ಯವನ್ನು ಬಿಟ್ಟು ಶಾಸ್ತ್ರದ ಕಡೆ ತಿರುಗಿದಾಗ ಬೇರೊಂದು ಮಾತು ಸಿಗುತ್ತದೆ. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯ ಹಿಂಸೆಯನ್ನು ನಿರೂಪಿಸುವಾಗ ದ್ವೇಷದ ಮಾತನ್ನೆತ್ತದೆ ಪ್ರಮಾದದ ಮಾತನ್ನೆತ್ತುತ್ತದೆ. ಪ್ರಮಾದವೆಂದರೆ ಎಚ್ಚರಗೇಡಿತನ, ಕಣ್ಣಿದ್ದೂ ನೋಡದಿರುವುದು. ವ್ಯಾಖ್ಯಾನಕಾರರು ಅದರ ಕ್ಷೇತ್ರವನ್ನು ಬಹಳ ವಿಸ್ತಾರವಾಗಿ ಹೇಳಿದ್ದಾರೆ. ಕಾರಣ ತಿಳಿಯುವ ಮೊದಲು ಔಷಧ ಕೊಟ್ಟವನನ್ನು ಪ್ರಮಾದಿಯೆನ್ನುವುದು ಕಷ್ಟ. ೨೦೦೪ರ ಅನಂತರವೂ ಕೊಟ್ಟವನನ್ನು ಬೇರೇನೆನ್ನುವುದೂ ಕಷ್ಟ. ಇಲ್ಲಿ ದೋಷ ಇಡೀ ಕುಲಕ್ಕೆ ಹರಡಿ ತೆಳುವಾಗುವುದಿಲ್ಲ. ತಿಳಿದವನು, ತಿಳಿಯಬೇಕಾಗಿದ್ದವನು, ಮಾರಿದವನು, ಅನುಮತಿ ಕೊಟ್ಟವನು ಎಂದು ಒಬ್ಬೊಬ್ಬರ ಬಾಗಿಲಿಗೂ ಹೋಗಿ ನಿಲ್ಲುತ್ತದೆ.

ಪಶುಗಳಿಗೆ ಡೈಕ್ಲೊಫೆನಾಕ್ ಕೊಡುವುದನ್ನು ಭಾರತ ಸರಕಾರ ೨೦೦೬ರಲ್ಲಿ ನಿಷೇಧಿಸಿತು. ಮನುಷ್ಯರಿಗೆಂದು ತಯಾರಾದ ದೊಡ್ಡ ಸೀಸೆಗಳನ್ನು ದನಗಳಿಗೆ ಬಳಸುವುದು ಆಮೇಲೂ ನಡೆದಿತ್ತು. ೨೦೧೨ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಕರ್ನಾಟಕ ಘೋಷಿಸಿತು. ೨೦೨೩ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್ ಎಂಬ ಇನ್ನೆರಡು ಔಷಧಗಳ ಪಶುಬಳಕೆಗೂ ನಿಷೇಧ ಬಂದಿತು. ಆ ಮೊದಲ ನಿಷೇಧಕ್ಕೂ ಈ ಎರಡಕ್ಕೂ ನಡುವೆ ಹದಿನೇಳು ವರ್ಷಗಳು ಸರಿದಿದ್ದವು.